ಅವ್ವನ ಮಾತನ್ನು ಟೀವಿಗೆ ಬರೆದ ಮಾಮು

ಎದುರಿಗಿದ್ದವರು ಮಾತಾಡುತ್ತಿದ್ದರೆ ಮಾಮುವಿನ ತುಟಿಗಳೂ ಅಲುಗುತ್ತಿದ್ದವು. ಸದ್ದಿಲ್ಲ, ಬರೀ ತುಟಿ. ಮೇಲೆ ಒಪ್ಪವಾಗಿ ಕತ್ತರಿಸಿದ ಬಿಳಿ ಮೀಸೆ, ಕೆಳದುಟಿಯ ಎಡಮೂಲೆಯಲ್ಲಿ ಸೂಜಿ ಕಚ್ಚಿ ಕಚ್ಚಿ ಬಿದ್ದ ಸಣ್ಣ ಗುಳಿ. ನೀವು "ಸಿಂಧನೂರು ಬಸ್ಸು ಹೋತೇನ್ರಿ?" ಎಂದು ಕೇಳಿ ಮುಗಿಸುವುದರೊಳಗೆ ಆ ತುಟಿಗಳು ನಿಮ್ಮ ಹಿಂದೆಯೇ ಅಷ್ಟನ್ನೂ ಆಡಿ ಮುಗಿಸುತ್ತಿದ್ದವು. ಗೊತ್ತಿಲ್ಲದವರು ಅಣಕಿಸುತ್ತಿದ್ದಾನೆಂದು ಸಿಟ್ಟಿಗೇಳುತ್ತಿದ್ದರು. ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ಅಂಗಿ ಹಿಡಿದು ಜಗ್ಗಿದ್ದನಂತೆ. "ಜಗ್ಗಿದ್ರ ಜಗ್ಗಲಿ ಬಿಡು, ಎಂಥಾ ಬೈಗುಳ ಬೈದ ಗೊತ್ತೇನವ್ವ! ಎರಡು ವಾರದ ಎಪಿಸೋಡಿಗೆ ಆತು," ಎಂದು ಮಾಮು ಹರಿದ ಕಿಸೆಯನ್ನು ತಾನೇ ಹೊಲಿದುಕೊಳ್ಳುತ್ತ ನನಗೆ ಹೇಳಿದ್ದ.

ಮಸ್ಕಿಯಲ್ಲಿ ನಮ್ಮದು ಖಾನಾವಳಿ. ಅದಕ್ಕೆ ಅಂಟಿಕೊಂಡೇ ಮಾಮುವಿನ ಟೇಲರ್ ಅಂಗಡಿ. ನಡುವಿನ ಗೋಡೆ ಎಷ್ಟು ತೆಳುವೆಂದರೆ ಅವ್ವ ರೊಟ್ಟಿ ಬಡಿಯುವುದು ನಿಂತರೆ ಆಚೆ ಕಡೆ ಮಷೀನೂ ನಿಲ್ಲುತ್ತಿತ್ತು. "ಅಕ್ಕಾ, ಹಿಟ್ಟು ಮುಗೀತೇನು?" ಎಂಬ ಕೂಗು ಬರುತ್ತಿತ್ತು. ಅವನು ನಮ್ಮ ರಕ್ತಸಂಬಂಧಿಯಲ್ಲ. ಅವನ ಮನೆಯಲ್ಲಿ ದಖ್ಖನಿ ಮಾತು, ನಮ್ಮ ಮನೆಯಲ್ಲಿ ಕನ್ನಡ. ಅವ್ವನನ್ನು ಅಕ್ಕಾ ಎಂದು ಕರೆದ ಮೇಲೆ ನನಗೆ ಮಾಮು ಆಗದೆ ಇನ್ನೇನಾದಾನು?

ಅವನು ಮೊದಲು ಬರೆದದ್ದು ಶಾಲೆಯ ಗ್ಯಾದರಿಂಗಿಗೆ. ಆಮೇಲೆ ಮದುವೆ ಮನೆ, ಉರುಸು, ಯುವಕ ಸಂಘ, ಎಲ್ಲಿ ಮೈಕು ಸಿಕ್ಕರೂ ಸರಿ. ಭತ್ತದ ಕೊಯ್ಲು ಮುಗಿದರೆ ವಳಕಮದಿನ್ನಿಯವರು ಕರೆಯುತ್ತಿದ್ದರು, ದಢೇಸುಗೂರಿನವರು ಕರೆಯುತ್ತಿದ್ದರು. ಹಟ್ಟಿಯ ಗಣಿ ಕಾಲೊನಿಯಲ್ಲಂತೂ ಮೂರೂ ಪಾಳಿಯವರಿಗೆ ಆಗಲಿ ಎಂದು ಒಂದೇ ಹಾಸ್ಯವನ್ನು ಮೂರು ಸಲ ಮಾಡಿಸಿದರಂತೆ. ಮೂರನೆಯ ಸಲ ತನಗೇ ತನ್ನ ಮೇಲೆ ಜಿಗುಪ್ಸೆ ಬಂತೆಂದು ಹೇಳುತ್ತಿದ್ದ.

ಆ ದಿನಗಳಲ್ಲಿ ಅವನ ಕಾರ್ಯಕ್ರಮ ಯಾವಾಗಲೂ ಒಂದೇ ಮಾತಿನಿಂದ ಶುರುವಾಗುತ್ತಿತ್ತು. ದಖ್ಖನಿಯಲ್ಲಿ 'ನಕ್ಕೋ' ಅಂದರೆ ಬೇಡ. ಕನ್ನಡದಲ್ಲಿ 'ನಕ್ಕೋ' ಅಂದರೆ ನಗು. ಮಾಮು ಮೈಕು ಹಿಡಿದು ಹೇಳುತ್ತಿದ್ದ: "ನಮ್ಮ ಮನ್ಯಾಗ ಅಮ್ಮಿ ಕೋಲು ಹಿಡಕೊಂಡು ನಕ್ಕೋ ನಕ್ಕೋ ಅಂತಿದ್ಳ್ರೀ. ನಾನು ಕನ್ನಡ ಸಾಲಿ ಹುಡುಗ. ಅಮ್ಮಿ ಹೇಳ್ಯಾಳ ಅಂತ ನಕ್ಕೋತ ನಿಂತೆ. ಆವತ್ತು ಬಿದ್ದ ಪೆಟ್ಟು ಇನ್ನೂ ಉರಿಯಾಕತ್ತೈತಿ!" ಈ ಸೀಮೆಯಲ್ಲಿ ಎರಡೂ ಮಾತು ಬಲ್ಲವರೇ ಎಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದರು. ಸಂತೆಯಲ್ಲಿ ಅವನನ್ನು ಕಂಡರೆ ಸಾಕು, ಯಾರಾದರೊಬ್ಬರು "ಏನ್ ಟೇಲರ್, ನಕ್ಕೋ?" ಎಂದು ಕೂಗುತ್ತಿದ್ದರು.

ಆ ಹಾಸ್ಯವನ್ನು ಯಾರೋ ಫೋನಿನಲ್ಲಿ ಹಿಡಿದು ಹರಿಯಬಿಟ್ಟರು. ಬೆಂಗಳೂರಿನ ಒಂದು ಚಾನೆಲ್‌ನವರು ವಾರಕ್ಕೊಮ್ಮೆ ಬರುವ ಕಾಮಿಡಿ ಧಾರಾವಾಹಿಗೆ ನಮ್ಮ ಕಡೆ ಭಾಷೆ ಬರೆಯುವವರನ್ನು ಹುಡುಕುತ್ತಿದ್ದರು. ಹಾಗೆ ನಮ್ಮ ಮಾಮು ನಲವತ್ತೈದು ದಾಟಿದ ಮೇಲೆ ಟೀವಿ ಲೇಖಕನಾದ. ಅಂಗಡಿ ಮುಚ್ಚಲಿಲ್ಲ. ಹಗಲೆಲ್ಲ ಹೊಲಿಯುತ್ತ, ಅಳತೆ ಬರೆಯುವ ಪುಸ್ತಕದ ಒಂದು ಮಗ್ಗುಲಲ್ಲಿ ಗಿರಾಕಿಗಳ ಎದೆ, ಸೊಂಟ, ಇನ್ನೊಂದು ಮಗ್ಗುಲಲ್ಲಿ ಡೈಲಾಗು ಬರೆಯುತ್ತಿದ್ದ. ಟೈಪು ಮಾಡುವುದು ನನ್ನ ಪಾಲಿಗೆ. ನನ್ನದು ಸಿಂಧನೂರಿನಲ್ಲಿ ಡಿಟಿಪಿ ಅಂಗಡಿ. ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಬ್ಯಾಗಿನಲ್ಲಿ ಬುತ್ತಿಯ ಜೊತೆ ಅವನ ಹಾಳೆಗಳೂ ಇರುತ್ತಿದ್ದವು.

ಒಮ್ಮೆ ಗಡಿಬಿಡಿಯಲ್ಲಿ ಯಾರದೋ ಜಂಪರಿನ ಅಳತೆಯನ್ನೂ ಡೈಲಾಗಿನ ಜೊತೆ ಟೈಪಿಸಿ ಕಳಿಸಿಬಿಟ್ಟೆ. ಅತ್ತೆಯ ಪಾತ್ರದಾಕೆ ಸೊಸೆಗೆ ಬೈಯುತ್ತ ಬೈಯುತ್ತ "ತೋಳು ಹತ್ತೂವರೆ!" ಎಂದು ಗದರಿಸಿಬಿಟ್ಟಳು. ಸ್ಟುಡಿಯೋ ಪೂರ್ತಿ ನಕ್ಕಿತಂತೆ. ಮುಂದಿನ ವಾರವೂ ಅಂಥದೊಂದು ಹಾಕಿ ಎಂದು ಡೈರೆಕ್ಟರ್ ಫೋನು ಮಾಡಿದ. ಮಾಮು ಹಣೆ ಹಣೆ ಬಡಿದುಕೊಂಡ. "ನಾ ತಲಿ ಕೆಡಿಸ್ಕೊಂಡು ಬರದಿದ್ದಕ್ಕ ಒಬ್ಬನೂ ನಗಲಿಲ್ಲ. ನಿನ್ನ ಹತ್ತೂವರೆಗೆ ನಕ್ರಲ್ಲವ್ವ! ನೀನ ಬರಿ ಇನ್ನ, ನಾ ಗುಂಡಿ ಹಚ್ಕೋತ ಕುಂದರ್ತೀನಿ."

ಅವನ ಜಗಳ ಇದ್ದದ್ದೆಲ್ಲ ಭಾಷೆಯದು. ನಮ್ಮವರು 'ಹೋಗಾಕತ್ತೀನಿ' ಅಂದರೆ ನಟರು 'ಹೊಂಟೀನಿ ನೋಡ್ರಪಾ' ಎಂದು ತಾವೇ ತಿದ್ದಿಕೊಂಡು, ಇಲ್ಲದ ಕಡೆಯೆಲ್ಲ ಒಂದು 'ಯಪ್ಪೋ' ಸೇರಿಸುತ್ತಿದ್ದರು. "ದಾವಣಗೆರಿ ದಾಟಿದ್ರ ಎಲ್ಲಾ ಒಂದ ಭಾಷೆ ಅವ್ರಿಗೆ," ಎಂದು ಮಾಮು ಒದ್ದಾಡುತ್ತಿದ್ದ. "ನಾ ಏನೂ ಬರಿಯಲ್ಲವ್ವ, ಬರೇ ಕೇಳ್ತೀನಿ. ಕೇಳಿದ್ದನ್ನರ ಸರಿಯಾಗಿ ಅನ್ರೆಪಾ ಅಂತೀನಿ."

ಬರೆದದ್ದನ್ನು ಪರೀಕ್ಷೆಗೆ ಒಡ್ಡುತ್ತಿದ್ದದ್ದು ನಮ್ಮ ಅವ್ವನ ಮುಂದೆ. ಮಧ್ಯಾಹ್ನದ ಗಿರಾಕಿ ಕರಗಿ, ಅವ್ವ ಗೋಡೆಗೆ ಒರಗಿ ಕಾಲು ಚಾಚಿದಳೆಂದರೆ ಮಾಮು ಪುಸ್ತಕ ಹಿಡಿದು ಹಾಜರು. ಅವ್ವನಿಗೆ ಓದು ಬರಹವಿಲ್ಲ. ಆದರೆ ನಗುವಿನಲ್ಲಿ ಭಾರೀ ಜುಗ್ಗಿ. ಹಲ್ಲು ಕಂಡರೆ ಆ ಹಾಸ್ಯ ಪಾಸು. "ಹ್ಞೂಂ, ಮುಂದ?" ಅಂದರೆ ಫೇಲು. ಮಾಮು ಎರಡನೇ ಮಾತಿಲ್ಲದೆ ಅಲ್ಲೇ ಅಡ್ಡಗೀಟು ಎಳೆಯುತ್ತಿದ್ದ. ಅಪ್ಪ ಬಾಗಿಲ ಹತ್ತಿರ ಕೂತು, "ಲೇ ಟೇಲರ್, ನಿನ್ನ ಚಾನೆಲ್ ಮಾಲಕಿ ನನ್ನ ಹೆಂಡ್ತಿ ಅದಾಳ ನೋಡು," ಎಂದು ಕಿಚಾಯಿಸುತ್ತಿದ್ದ.

ಅವ್ವನದೊಂದು ಮಾತಿತ್ತು. ಅಪ್ಪ ಮುಂದೆ ನಿಂತು ಬಡಿಸುವವನು, ಅವ್ವ ಒಳಗೆ ಒಲೆಯ ಮುಂದೆ. "ಎರಡು ರೊಟ್ಟಿ!" ಎಂದು ಅಪ್ಪ ಕೂಗಿದರೆ ಒಳಗಿನಿಂದ "ಜರಾ ತಡೀರೆಪಾ, ಬಂದ್ನಿ!" ಎಂದು ಬರುತ್ತಿತ್ತು. ರೊಟ್ಟಿ ಬಡಿಯುವ ಸದ್ದನ್ನೂ ಮೀರಿ ಕೇಳಬೇಕಲ್ಲ, ಅದಕ್ಕೆ ಕಡೆಯ 'ಬಂದ್ನಿ'ಯನ್ನು ಎತ್ತರಿಸಿ ಎಳೆಯುತ್ತಿದ್ದಳು. ಆ ಎಳೆತ ಮುಗಿಯುವುದರೊಳಗೆ ರೊಟ್ಟಿ ತಟ್ಟೆಯಲ್ಲಿರುತ್ತಿತ್ತು. ತನ್ನ ಖಾನಾವಳಿಯಲ್ಲಿ ಯಾರೂ ರೊಟ್ಟಿಗೆ ಕಾದು ಕೂತವರಿಲ್ಲ ಎಂಬುದೊಂದೇ ಅವಳ ಜಂಬ. ಬೇರೆ ಜಂಬಕ್ಕೆ ಅವಳಿಗೆ ಪುರಸೊತ್ತಿರಲಿಲ್ಲ. ಯಾರು ಎಲ್ಲಿಂದ ಕರೆದರೂ ಅದೇ ಮಾತು. ನಾನು ಜ್ವರದಲ್ಲಿ ನರಳಿದರೂ ಅದೇ, ಹೊರಗೆ ಹಾಲಿನವನು ಬಂದರೂ ಅದೇ.

ಒಂದು ಮಧ್ಯಾಹ್ನ ಮಾಮು ಕೇಳಿದ. "ಅಕ್ಕಾ, ಧಾರಾವಾಹ್ಯಾಗ ಒಂದು ಖಾನಾವಳಿ ತರಬೇಕಂತೀನಿ. ನಿನ್ನ ಮಾತು ಹಾಕ್ಲೇನು?"

"ನಂದ್ಯಾವ ಮಾತು?"

"ಅದ, ಜರಾ ತಡೀರೆಪಾ."

ಅವ್ವನಿಗೆ ಅದು ತನ್ನ ಮಾತೆಂದೇ ಗೊತ್ತಿರಲಿಲ್ಲ. ಸೆರಗು ಬಾಯಿಗೆ ಹಿಡಿದು ನಕ್ಕಳು. "ಹಾಕ್ಕೋ ತಮ್ಮಾ. ಮಾತು ಬಳಸಿದ್ರ ಸವೀತೈತೇನು?"

ಆ ಹಾಳೆಯನ್ನು ಟೈಪು ಮಾಡಿದವಳು ನಾನು. ಸಿಂಧನೂರಿನ ಅಂಗಡಿಯಲ್ಲಿ ಒಬ್ಬಳೇ ಕೂತು ಕಿಸಕ್ಕನೆ ನಕ್ಕೆ. ಅವ್ವ ಟೀವಿಗೆ ಹೋಗುತ್ತಾಳೆಂದು ಹಿಗ್ಗಿ ಹೀರೆಕಾಯಿಯಾದೆ. ಮಾಮು ಬರೆದ ಪಾತ್ರವೂ ಅವ್ವನಂಥದೇ. ಖಾನಾವಳಿಯಲ್ಲಿ ಇಬ್ಬರು ಕೂತು ಆಕೆಯ ಬಗ್ಗೆಯೇ ಏನೋ ಆಡಿಕೊಳ್ಳಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಆಕೆ ಬಂದ್ನಿ ಎಂದು ರೊಟ್ಟಿ ಹಿಡಿದು ಎದುರು ನಿಂತಿರುತ್ತಾಳೆ. ಅವಳು ಬರುವ ರಭಸಕ್ಕೆ ಊರಿನಲ್ಲಿ ಒಂದು ಗುಟ್ಟೂ ಗುಟ್ಟಾಗಿ ಉಳಿಯದು. ಅದೇ ಹಾಸ್ಯ.

ಡೈರೆಕ್ಟರ್ ಅದನ್ನು ತಿರುಗಿಸಿಬಿಟ್ಟ. ಮಾಮು ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದ, ನಾನು ಪಕ್ಕದಲ್ಲೇ ಇದ್ದೆ. "ಸರ್, ಮಾತು ಸೂಪರ್ ಸರ್. ಆದ್ರೆ ಅವ್ಳು ಅಷ್ಟು ಬೇಗ ಬಂದ್ರೆ ಕಾಮಿಡಿ ಎಲ್ಲಿದೆ ಹೇಳಿ? ಬರ್ಲೇಬಾರ್ದು. ಜನ ಕಾಯ್ತಾ ಇರ್ಬೇಕು, ಇವ್ಳು ಒಳಗೆ ಪೌಡ್ರು ಹಾಕ್ಕೊಂಡು ಫೋನಲ್ಲಿ ಹರಟ್ತಾ, ಜರಾ ತಡೀರೆಪಾ ಅಂತಿರ್ಬೇಕು."

"ಹಂಗಲ್ರೀ ಸರ. ಆಕಿ ಬರ್ತಾಳ್ರೀ. ಬರೂದ ಆಕಿ," ಎಂದ ಮಾಮು.

"ನೀವು ಬಿಡಿ ಸರ್, ನಾವು ನೋಡ್ಕೋತೀವಿ."

ನೋಡಿಕೊಂಡರು. ಆ ವಾರ ಸಂಜೆ ಖಾನಾವಳಿಯ ಟೀವಿ ಮುಂದೆ ಓಣಿಯೇ ನೆರೆದಿತ್ತು. ಅವ್ವ ಹೊಸ ಸೀರೆ ಉಟ್ಟುಕೊಂಡು ಮುಂದೆ ಕೂತಿದ್ದಳು. ತೆರೆಯ ಮೇಲೆ ಒಬ್ಬ ದಪ್ಪ ಹೆಂಗಸು ಕನ್ನಡಿ ಮುಂದೆ ಕೂತು, ಹಸಿದವರನ್ನು ಕಾಯಿಸುತ್ತ, ಅವ್ವನ ಮಾತನ್ನು ಅವ್ವನ ಎಳೆತದಲ್ಲೇ ಎಳೆಯುತ್ತಿದ್ದಳು. ಎಲ್ಲರೂ ನಕ್ಕರು. ಅವ್ವನೂ ಹಲ್ಲು ಬಿಟ್ಟು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಆಕಿ ಯಾಕ ರೊಟ್ಟಿ ಒಯ್ಯವಲ್ಳು? ಆರಿ ಹೋಗಲಿಲ್ಲೇನು?"

ಒಂದೆರಡು ತಿಂಗಳಲ್ಲಿ ಆ ಮಾತು ನಾಡಿನ ತುಂಬ ಹರಡಿತು. ಆಟೋಗಳ ಬೆನ್ನ ಮೇಲೆ ಬಂತು, ಫೋನುಗಳ ರಿಂಗಿನಲ್ಲಿ ಬಂತು. ಸಿಂಧನೂರಿನಲ್ಲಿ ಬಸ್ಸು ತಡವಾದರೆ ಡ್ರೈವರನಿಗೆ ಜನ ಅದನ್ನೇ ಕೂಗುತ್ತಿದ್ದರು. ನನ್ನ ಅಂಗಡಿಗೇ ಬಂದು ಅದೇ ಮಾತಿನ ಸ್ಟಿಕರ್ ಮಾಡಿಕೊಡಿ ಎಂದರು. ಮಾಡಿಕೊಟ್ಟೆ, ಸುಳ್ಳೇಕೆ ಹೇಳಲಿ? ಆಗಿನ್ನೂ ಅದು ನನಗೆ ಹೆಮ್ಮೆಯೇ ಆಗಿತ್ತು.

ಖಾನಾವಳಿಯಲ್ಲಿ ಬೇರೆಯೇ ನಡೆಯುತ್ತಿತ್ತು. ಗಿರಾಕಿಗಳು ಬೇಕೆಂದೇ "ರೊಟ್ಟಿ!" ಎಂದು ಕೂಗುವರು. ಅವ್ವ ಒಳಗಿನಿಂದ ಉತ್ತರ ಕೊಟ್ಟರೆ ಹೋ ಎಂದು ನಗುವರು. ಹಟ್ಟಿಯ ಕಡೆಯ ಕೆಲವರು ಫೋನು ಹಿಡಿದು, "ಇನ್ನೊಮ್ಮೆ ಅನ್ರಿ ಅಕ್ಕಾರ," ಎಂದು ಒಲೆಯ ತನಕ ಬಂದರು. ಅವ್ವ ಮೊದಮೊದಲು ನಾಚುತ್ತಿದ್ದಳು. ಆಮೇಲೆ ಆ ಮಾತು ಬಾಯಿಗೆ ಬಂದಾಗೆಲ್ಲ ನಾಲಿಗೆ ಕಚ್ಚಿಕೊಳ್ಳತೊಡಗಿದಳು. ಒಂದು ದಿನ ಯಾರೋ ಹೊಸಬ, "ಇದು ಆ ತಡೀರೆಪಾ ಖಾನಾವಳಿ ಅಲ್ರೀ? ಇಲ್ಲಿ ಕುಂತ್ರ ಉಂಡಂಗ ಐತಿ," ಎಂದು ನಗುತ್ತ ಎದ್ದು ಹೋದ. ಅವತ್ತಿನಿಂದ ಅವ್ವ ಆ ಮಾತು ಬಿಟ್ಟಳು. ಅಪ್ಪ "ಎರಡು ರೊಟ್ಟಿ!" ಎಂದು ಕೂಗಿದರೆ ಒಳಗಿನಿಂದ ಸೌಟಿನಿಂದ ತಟ್ಟೆಗೆ ಎರಡು ಸಲ ಬಡಿದ ಸದ್ದು ಬರುತ್ತಿತ್ತು.

"ಯಾಕ, ಬಾಯಿ ಬಿದ್ದು ಹೋಗೈತೇನು? ಓ ಅನ್ನಬೇಕಿಲ್ಲ?" ಎಂದು ಅಪ್ಪ ಒಮ್ಮೆ ರೇಗಿದ.

"ಕೇಳ್ಸೇತಿ ಅಂತ ಬಡದ್ನೆಲ್ರೀ," ಎಂದಳು ಅವ್ವ.

ಅಪ್ಪ ಸಂಜೆ ಮಾಮುವಿನ ಅಂಗಡಿಯ ಕಟ್ಟೆಯ ಮೇಲೆ ಹೋಗಿ ಕೂತ. ಜಗಳವಾಡುವ ಜಾತಿಯವನಲ್ಲ ಅಪ್ಪ. "ಮೂವತ್ತು ವರ್ಷ ನಾ ಕೂಗಿದ್ರ ಆಕಿ ಓ ಅಂದಾಳಲೇ ಟೇಲರ್. ಈಗ ತಟ್ಟಿ ಬಡೀತಾಳ. ನನಗ ಛಲೋ ಅನಸವಲ್ದು. ಆ ಮಾತು ಹೊಳ್ಳಿ ಇಸ್ಕೊಂಡು ಬಾ," ಎಂದನಷ್ಟೆ. ಏನು ಮಾತು! ಕೊಟ್ಟ ಕೊಡವನ್ನು ತಿರುಗಿ ತರಲು ಹೇಳಿದಂತೆ ಹೇಳಿದ್ದ. ಮಾಮು ಕೂಡ ಹಾಗೇ "ಆತು ಮಾವಾ" ಅಂದ.

ಮರುದಿನವೇ ಒಂದು ಎಪಿಸೋಡು ಬರೆದ. ಖಾನಾವಳಿಯಾಕೆ ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟುಹೋಗುವುದು. ನಾನೇ ಟೈಪು ಮಾಡಿದೆ. ಕಳಿಸಿದರೆ ಸಾಲದೆಂದು ತಾನೇ ಬೆಂಗಳೂರಿಗೆ ಹೋದ. ನಾಲ್ಕು ದಿನ ಬಿಟ್ಟು ಬಂದಾಗ ಮುಖ ಇಷ್ಟೇ ಇಷ್ಟಾಗಿತ್ತು. "ಆ ಮಾತು ಈಗ ನಿಮ್ದಲ್ಲ ಸರ್, ಚಾನೆಲ್ದು ಅಂದ್ರವ್ವ. ಕಾಗದಕ್ಕ ಸೈ ಮಾಡೀರಲ್ಲ ಅಂದ್ರು. ನಾ ಅಂದೆ, ಅದು ನಂದೂ ಅಲ್ರೀ, ನಮ್ಮಕ್ಕಂದು ಅಂತ. ನಕ್ರು. ಅದನ್ನೂ ಜೋಕ್ ಅಂತ ತಿಳ್ಕೊಂಡ್ರು." ಅವನು ಬರೆದ ಎಪಿಸೋಡನ್ನು ಎತ್ತಿ ಬದಿಗಿಟ್ಟು, ಆ ಪಾತ್ರಕ್ಕೆ ಬರೆಯಲು ಬೇರೆ ಇಬ್ಬರನ್ನು ಹಾಕಿಕೊಂಡಿದ್ದರು. ಧಾರಾವಾಹಿಯ ಶುರುವಿನಲ್ಲಿ ಲೇಖಕನೆಂದು ಮಾಮುವಿನ ಹೆಸರು ಮಾತ್ರ ಎಂದಿನಂತೆ ಬರುತ್ತಿತ್ತು.

ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. "ನಮ್ಮವ್ವನ ಬಾಯಿ ಕಟ್ಟಿ ಹಾಕಿ ಬಂದಿಯಲ್ಲ ಮಾಮು, ನಿನಗ ನಾಚಿಕಿ ಆಗಂಗಿಲ್ಲೇನು?" ಅಂದೆ. ಅವನ ತುಟಿಗಳು ನನ್ನ ಹಿಂದೆಯೇ ಆ ಬೈಗುಳವನ್ನು ಆಡುತ್ತಿದ್ದವು. ಬೇಕೆಂದು ಮಾಡುತ್ತಿರಲಿಲ್ಲ, ಪಾಪ, ಅದು ಅವನ ಕೈಲಿರಲಿಲ್ಲ. ನನಗೆ ಮಾತ್ರ ಅದನ್ನು ನೋಡಿ ಮೈಯೆಲ್ಲ ಉರಿದು ಇನ್ನೂ ನಾಲ್ಕು ಮಾತು ಅಂದೆ. ಇವತ್ತಿಗೂ ಆ ನಾಲ್ಕು ಮಾತು ನನ್ನನ್ನು ಚುಚ್ಚುತ್ತವೆ.

ಅದಾದ ಮೇಲಿನ ಬೇಸಿಗೆಯಲ್ಲಿ ಅಪ್ಪ ಹೋದ. ಬೆಳಿಗ್ಗೆ ಗಿರಾಕಿಗೆ ನೀರು ಇಡುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಸಿಂಧನೂರಿಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಧ್ಯಾಹ್ನ ಖಾನಾವಳಿಯ ಮುಂದೆ ಚಟ್ಟ ಕಟ್ಟಿದ್ದರು. ಸುತ್ತಲಿನ ಊರುಗಳಿಂದ, ಹಟ್ಟಿಯಿಂದ, ಊಟಕ್ಕೆ ಬರುತ್ತಿದ್ದ ಎಷ್ಟೋ ಗಿರಾಕಿಗಳು ಬಂದಿದ್ದರು. ಅಪ್ಪನನ್ನು ಕಂಡರೆ ಎಲ್ಲರಿಗೂ ಪ್ರೀತಿ, ಅದರಲ್ಲಿ ಎರಡು ಮಾತಿಲ್ಲ. ಒಳಗೆ ಅಡುಗೆಮನೆಯಲ್ಲಿ ಹೆಂಗಸರು ಅವ್ವನಿಗೆ ಕಡೆಯ ಸಲ ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ತೊಡಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹೊರಗಿನಿಂದ ಒಬ್ಬ ಹಿರಿಯರು, "ಹೊತ್ತಾತು, ಎತ್ತಾಕತ್ತೀವಿ. ಅಕ್ಕಾರು ಬಂದು ಮಾರಿ ನೋಡ್ಲಿ," ಎಂದು ಕೂಗಿದರು. ಅವರು ನಿಂತದ್ದು ಅಪ್ಪ ದಿನಾ ನಿಂತು ರೊಟ್ಟಿ ಕೂಗುತ್ತಿದ್ದ ಜಾಗದಲ್ಲೇ.

ಒಳಗಿನಿಂದ ಅವ್ವ ಚೀರಿದಳು: "ಜರಾ ತಡೀರೆಪಾ, ಬಂದ್ನಿ!"

ವರ್ಷದಿಂದ ನುಂಗಿಕೊಂಡು ಬಂದದ್ದು ತಾನಾಗಿಯೇ ಹೊರಗೆ ಬಿದ್ದಿತ್ತು. ಗಂಡನನ್ನು ಒಯ್ಯುತ್ತಿದ್ದಾರೆ, ತಡೆಯಿರಿ ಅನ್ನದೆ ಅವಳು ಇನ್ನೇನು ಅನ್ನಬೇಕಿತ್ತು?

ಹಿಂದೆ ನಿಂತಿದ್ದ ಯಾರೋ ಒಬ್ಬ ಫಕ್ಕನೆ ನಕ್ಕ. ನಕ್ಕವನು ತಕ್ಷಣ ಬಾಯಿ ಮುಚ್ಚಿಕೊಂಡ. ಅದನ್ನು ಕಂಡು ಮತ್ತೊಬ್ಬನಿಗೆ ಬಂತು. ತಡೆಯಲು ಹೋದಷ್ಟೂ ಅದು ಬರುವಂಥದು. ಟವಲು ಬಾಯಿಗೆ ತುರುಕಿಕೊಂಡವರು, ಗೋಡೆಯ ಕಡೆ ತಿರುಗಿ ನಿಂತವರು, ಕಣ್ಣಲ್ಲಿ ನೀರಿದ್ದು ಭುಜ ಕುಣಿಯುತ್ತಿದ್ದವರು. ಅವರು ಕೆಟ್ಟವರಲ್ಲ. ಇದನ್ನು ನಾನು ಹೇಳಲೇಬೇಕು, ಯಾಕೆಂದರೆ ಅಪ್ಪನ ಹೆಣದ ಮುಂದೆ ನಿಂತು ನನ್ನ ಹೊಟ್ಟೆಯೊಳಗಿನಿಂದಲೂ ಆ ನಗು ಎದ್ದಿತ್ತು. ತುಟಿ ಕಚ್ಚಿ ಕಚ್ಚಿ ರಕ್ತ ಬಂತು.

ಮಾಮು ಚಟ್ಟದ ತಲೆದೆಸೆಯಲ್ಲಿದ್ದ. ಜನರ ಕಡೆ ತಿರುಗಿ ಎರಡೂ ಕೈ ಜೋಡಿಸಿದ. ಗಾಬರಿಯಲ್ಲಿ ಅವನಿಗೆ ಕನ್ನಡ ಹೊಳೆಯಲಿಲ್ಲ, ಅಮ್ಮಿಯ ಮಾತೇ ಬಂತು. "ನಕ್ಕೋ!" ಎಂದು ಕೂಗಿದ. "ನಕ್ಕೋ ಭಾಯ್, ನಕ್ಕೋ!" ಬೇಡ, ಬೇಡ್ರಪ್ಪಾ ಎಂದು ಅವನು ಅಂಗಲಾಚುತ್ತಿದ್ದ. ಜನರಿಗೆ ಕೇಳಿಸಿದ್ದು ಅವನ ಮೈಕಿನ ಹಾಸ್ಯ. ಅಲ್ಲಿಯವರೆಗೆ ತಡೆದುಕೊಂಡು ನಿಂತಿದ್ದವರೂ ಒಡೆದುಹೋದರು. ಮಾಮು ಇನ್ನೂ ಜೋರಾಗಿ ಕೂಗಿದ. ಕೂಗಿದಷ್ಟೂ ಅವರು ನಕ್ಕರು. ಕಡೆಗೆ ಅವನು ತನ್ನ ಬಾಯಿಯನ್ನು ತಾನೇ ಎರಡೂ ಕೈಯಿಂದ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿ ಕೂತುಬಿಟ್ಟ.

ಅವ್ವ ಬಳೆ ತುಂಬಿದ ಕೈಯಲ್ಲಿ ಬಾಗಿಲಿಗೆ ಬಂದಳು. ಎಲ್ಲರ ಮುಖ ನೋಡಿದಳು. ಅಪ್ಪನ ಹಣೆ ಮುಟ್ಟಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅತ್ತಳೋ ಇಲ್ಲವೋ ನಮಗೆ ಗೊತ್ತಾಗದಂತೆ ಅತ್ತಳು.

ಮಾಮು ಆ ವಾರವೇ ಬರೆಯುವುದನ್ನು ಬಿಟ್ಟ. ಡೈರೆಕ್ಟರ್ ಫೋನು ಮಾಡಿ ಮಾಡಿ ಸುಮ್ಮನಾದ. ಧಾರಾವಾಹಿಯೇನೂ ನಿಲ್ಲಲಿಲ್ಲ, ಯಾರು ಬರೆದರೂ ಅದು ನಡೆಯುತ್ತದೆ. ಊರವರು ಒಬ್ಬೊಬ್ಬರಾಗಿ ಬಂದು ಅವ್ವನ ಮುಂದೆ ತಲೆ ತಗ್ಗಿಸಿ ಹೋದರು. ಖಾನಾವಳಿ ಮತ್ತೆ ತೆರೆಯಿತು. ಮುಂದೆ ಬಡಿಸಲು ನಮ್ಮ ದೊಡ್ಡಪ್ಪನ ಮಗ ನಿಂತ. ಅವ್ವ ಒಳಗೆ ತಟ್ಟೆ ಬಡಿಯುತ್ತಿದ್ದಳು. ಮಾತೇ ಕಡಿಮೆಯಾಗಿಹೋಗಿತ್ತು. ಒಂದು ಮಾತನ್ನು ತಡೆಹಿಡಿಯಲು ಹೋಗಿ ಅದರ ಜೊತೆಗಿನ ಎಲ್ಲವನ್ನೂ ಹಿಡಿದಿಟ್ಟುಕೊಂಡಿದ್ದಳು.

ಮಾಮುವಿಗೆ ಮಾತ್ರ ಎಂದಿನಂತೆ ಮೊದಲ ಬಿಸಿ ರೊಟ್ಟಿ. ಅವ್ವ ಒಂದು ದಿನವೂ ಅವನಿಗೆ ಒಂದು ಕಟುಮಾತು ಅನ್ನಲಿಲ್ಲ. "ನಿಮ್ಮವ್ವ ಬೈಯವಲ್ಳು," ಎಂದು ಅವನು ನನ್ನ ಹತ್ತಿರ ಗೋಳಾಡುತ್ತಿದ್ದ. "ಬೈದಿದ್ರ ಉಣ್ಣಾಕರ ಆಗ್ತಿತ್ತು."

ಆಗ ಅವನು ಒಂದು ಕೆಲಸ ಶುರು ಮಾಡಿದ. ಕೇಳಿದರೆ ಹುಚ್ಚು ಎನ್ನುತ್ತೀರಿ. ಅವ್ವನಿಗೆ ಬೇರೆ ಮಾತು ಬರೆದುಕೊಡಲು ಹೊರಟ. ಶುಕ್ರವಾರ ನಮಾಜು ಮುಗಿಸಿ, ಬಿಳಿ ಟೋಪಿಯಲ್ಲೇ ಬಂದು, ಹೊಲಿದ ಬಟ್ಟೆಗೆ ಸಿಕ್ಕಿಸುವ ಚೀಟಿಯ ಮೇಲೆ ಬರೆದದ್ದನ್ನು ಓದುತ್ತಿದ್ದ. "ಅಕ್ಕಾ, ಇದು ನೋಡು: ಕಿವಿಗೆ ಬಿತ್ತು, ತರಾಕತ್ತೀನಿ! ಹೆಂಗೈತಿ?" ಅವ್ವ ಅವನ ಸಮಾಧಾನಕ್ಕೆ ಒಮ್ಮೆ ಅಂದು ನೋಡುತ್ತಿದ್ದಳು. "ಒಲಿ ಬಿಡವಲ್ದು, ಆದ್ರೂ ಬರ್ತೀನಿ!" ಅದನ್ನೂ ಅಂದಳು. "ಹ್ಞೂಂ ಅಂದೆ, ಕುಂದರ್ರಿ!" ಅದನ್ನೂ ಅಂದಳು. ಸಾವಿರ ಮನೆಗಳನ್ನು ನಗಿಸಿದ ಮನುಷ್ಯ ಒಬ್ಬ ಹೆಂಗಸಿಗೆ ರೊಟ್ಟಿ ತರುವಾಗ ಅನ್ನುವುದಕ್ಕೆ ಒಂದು ಮಾತು ಹೊಂದಿಸಲಾರದೆ ಬೆವರುತ್ತಿದ್ದ.

"ನಾಟಕದಾಗಿನ ಮಾತು ಆಡಿದಂಗಾಕ್ಕೈತಿ ತಮ್ಮಾ. ನಾಲಿಗಿಗೆ ಹತ್ತವಲ್ದು," ಎನ್ನುತ್ತಿದ್ದಳು ಅವ್ವ. "ಇರ್ಲಿ ಬಿಡು, ತಟ್ಟಿ ಬಡದ್ರೂ ಜನ ಉಣ್ತಾರ."

ಅವನು ಬಿಡಲಿಲ್ಲ. ಮುಂದಿನ ಶುಕ್ರವಾರ ಮತ್ತೊಂದು ಚೀಟಿ. ಎರಡು ವರ್ಷ ಹೀಗೇ ನಡೆಯಿತು. ಟೀವಿಗೆ ಬರೆದಾಗ ಕೂಡ ಅವನು ಇಷ್ಟು ಗೀಚಿ ಹರಿದದ್ದನ್ನು ನಾನು ನೋಡಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಜ್ವರವೆಂದು ಲಿಂಗಸುಗೂರಿನ ಆಸ್ಪತ್ರೆಗೆ ಸೇರಿದವನು ಮೇಲೇಳಲಿಲ್ಲ. ಎದೆಯಲ್ಲಿ ನೀರು ತುಂಬಿತ್ತು. ನಾನು ನೋಡಲು ಹೋದಾಗ ಮೂಗಿಗೆ ನಳಿಕೆ ಹಾಕಿದ್ದರು. ಸನ್ನೆ ಮಾಡಿ ಹತ್ತಿರ ಕರೆದ.

"ಒಂದಾದ್ರೂ ಹತ್ತೇತೇನವ್ವ ಆಕಿ ನಾಲಿಗಿಗೆ?"

"ಇನ್ನೂ ಇಲ್ಲ ಮಾಮು," ಅಂದೆ.

"ಹೋಗ್ಲಿ," ಎಂದು ಕಣ್ಣು ಮುಚ್ಚಿಕೊಂಡ. ಎರಡು ದಿನಕ್ಕೆ ತೀರಿಕೊಂಡ. ಹತ್ತೈತಿ ಮಾಮು, ಮೊನ್ನಿಂದ ಹಂಗ ಅನ್ನಾಕತ್ಯಾಳ ಎಂದು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಸಾಯುವವನ ಮುಂದೆ ನಿಂತು ಸತ್ಯ ಹೇಳಿದೆ, ದೊಡ್ಡ ಸತ್ಯವಂತೆ!

ಮಣ್ಣು ಮಾಡಿ ಬಂದ ಮರುದಿನ ನಾನು ಸಿಂಧನೂರಿನ ಅಂಗಡಿ ತೆರೆಯುತ್ತಿದ್ದಂತೆ ಮಸ್ಕಿಯ ಕಲಾ ಸಂಘದ ಐದಾರು ಜನ ಬಂದರು. ಮಾಮುವಿನ ಶ್ರದ್ಧಾಂಜಲಿಯ ಫ್ಲೆಕ್ಸು ಆಗಬೇಕಿತ್ತು. ಒಳ್ಳೆಯ ಫೋಟೋ ತಂದಿದ್ದರು. ಫೋಟೋದ ಕೆಳಗೆ ದೊಡ್ಡ ಅಕ್ಷರದಲ್ಲಿ ಏನು ಬರಬೇಕೆಂದು ಚೀಟಿಯಲ್ಲಿ ಬರೆದು ಕೊಟ್ಟರು. 'ಜರ ತಡಿರಪ್ಪ ಬಂದಿನಿ.'

"ಇದು ಬ್ಯಾಡ್ರೀ," ಅಂದೆ. "ಸತ್ತವರ ಫೋಟೋದ ಕೆಳಗ ಯಾರರ ಇದನ್ನ ಹಾಕ್ತಾರೇನ್ರಿ? ಹೆಸರು ಹಾಕ್ರಿ, ಊರು ಹಾಕ್ರಿ, ಸಾಕು."

"ಹಂಗಂದ್ರ ಹೆಂಗ್ರೀ ಅಕ್ಕಾರ? ಹೆಸರು ಹೇಳಿದ್ರ ಯಾರಿಗೆ ಗೊತ್ತಾಕ್ಕೈತಿ? ಈ ಮಾತು ಹೇಳಿದ್ರ ಸಣ್ಣ ಕೂಸಿಗೂ ಗೊತ್ತಾಕ್ಕೈತಿ. ಟೇಲರ್ ಮಾಮಾರಿಗೆ ಮರ್ಯಾದಿ ಆಗಲೆಂತ ಮಾಡ್ಸಾಕತ್ತೀವ್ರೀ."

ಅವರು ಪ್ರೀತಿಯಿಂದಲೇ ಬಂದಿದ್ದರು. ನಾನು ನಮ್ಮವ್ವನ ಹೆಸರು ಎತ್ತಲಾರದೆ ಹೋದೆ. ಆಗುವುದಿಲ್ಲ ಅಂದೆ. "ಇರ್ಲಿ ಬಿಡ್ರಿ, ಬಾಜೂ ಅಂಗಡ್ಯಾಗ ಮಾಡಸ್ತೀವಿ," ಎಂದು ಚೀಟಿ ತೆಗೆದುಕೊಂಡು ಎದ್ದರು. ಬಾಜೂ ಅಂಗಡಿಯವನು ಚೀಟಿಯಲ್ಲಿ ಇದ್ದದ್ದನ್ನು ಹಾಗೇ ಹೊಡೆದುಕೊಡುವವನು. ತಡಿರಪ್ಪ, ಬಂದಿನಿ. ಅವ್ವ ಯಾವತ್ತೂ ಆಡದ ಮಾತು, ಮಾಮು ಯಾವತ್ತೂ ಬರೆಯದ ಮಾತು. ಒಂದು ಅಕ್ಷರಕ್ಕಾಗಿ ಬೆಂಗಳೂರಿನವರ ಜೊತೆ ಜಗಳವಾಡಿದವನ ಮುಖದ ಕೆಳಗೆ ಅದು ತೂಗಾಡುವುದೇ? "ಕೊಡ್ರಿ ಇಲ್ಲೆ," ಎಂದು ಚೀಟಿ ಇಸಕೊಂಡೆ. ಜರಾ ತಡೀರೆಪಾ, ಬಂದ್ನಿ ಎಂದು ಕೊಂಬು ದೀರ್ಘ ತಪ್ಪದಂತೆ ನಾನೇ ಟೈಪು ಮಾಡಿಕೊಟ್ಟೆ.

ಸಂಜೆ ಊರಿಗೆ ಬಂದರೆ ಫ್ಲೆಕ್ಸನ್ನು ನಮ್ಮ ಖಾನಾವಳಿಯ ಎದುರಿನ ಕಂಬಕ್ಕೇ ಕಟ್ಟಿದ್ದರು. ಅವ್ವ ಕೈಗೆ ಮೆತ್ತಿದ ಹಿಟ್ಟಿನಲ್ಲೇ ಹೊರಗೆ ಬಂದು ನಿಂತು ನೋಡುತ್ತಿದ್ದಳು.

"ಫೋಟೋ ಛಲೋ ಬಂದೈತಿ. ನಿನ್ನ ಅಂಗಡ್ಯಾಗ ಮಾಡಿದ್ದೇನು?"

"ಹ್ಞೂಂ ಬೇ."

"ಕೆಳಗ ಏನ್ ಬರದೈತಿ, ಅಷ್ಟ್ ದೊಡ್ಡದು?"

"ಹೆಸರು ಬೇ. ಹೆಸರು, ಊರು."

ಅವ್ವ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. "ಆ ಮಾತು ಹಾಕಿಲ್ಲಲ್ಲ?"

"ಇಲ್ಲ ಬೇ," ಅಂದೆ.

"ಹಾಕಬಾರ್ದು. ಭಾಳ ನೊಂದಾನ ಅವ ಅದರಿಂದ," ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಕಡೆ ಹೋದಳು.